ಇಟ್ಟಮಡುವಿನ ಮೇಲ್ಮಣ್ಣು

ಶಿವನಂಜಪ್ಪ, ಆ ನಕ್ಷೆಯಿಂದ ಮೇಲ್ಮಣ್ಣಿನ ಗುರುತನ್ನು ಬಿಟ್ಟವನು ನಾನು, ನಿನ್ನ ಸುಬ್ಬಣ್ಣ. ಮರೆತು ಬಿಟ್ಟದ್ದಲ್ಲ — ನೋಡಿ, ಓದಿ, ಮಸಿಯ ಪೆನ್ನನ್ನು ಒರೆಸಿಟ್ಟು, ಬೇಕೆಂದೇ ಬಿಟ್ಟೆ.

ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕುವುದಿಲ್ಲ.

ಜಯನಗರದಲ್ಲಿ ಬ್ಲಾಕಿನ ಮೇಲೆ ಬ್ಲಾಕು ಏಳುತ್ತಿದ್ದ ವರ್ಷಗಳು ಅವು. ಎಷ್ಟು ಇಟ್ಟಿಗೆ ಸುಟ್ಟರೂ ಸಾಲುತ್ತಿರಲಿಲ್ಲ. ತ್ಯಾಗರಾಜನಗರದಲ್ಲಿದ್ದ ನಮ್ಮ ಇಟ್ಟಿಗೆ ಕಂಪನಿಯ ಆಫೀಸಿನಲ್ಲಿ ನಕ್ಷೆ ಇಳಿಸುವ ಕೆಲಸಕ್ಕೆ ನಾನು ಸೇರಿ ಏಳು ವರ್ಷವಾಗಿತ್ತು. ಮಣ್ಣು ಎಲ್ಲಿ, ಯಾವ ಕ್ರಮದಲ್ಲಿ ಅಗೆಯಬೇಕೆಂದು ತೀರ್ಮಾನಿಸುವ ಮೇಜು ಇನ್ನೇನು ನನ್ನದೇ ಎಂದುಕೊಂಡಿದ್ದೆ. ಮನೆಯಲ್ಲೂ ಹೇಳಿಬಿಟ್ಟಿದ್ದೆ. ಆಗ ನೀನು ಬಂದೆ — ಡಿಪ್ಲೊಮಾ, ಇಸ್ತ್ರಿ ಮಾಡಿದ ಷರಟು, ಮಲ್ಲಿಗೆ ಮೊಗ್ಗು ಜೋಡಿಸಿದ ಹಾಗೆ ದುಂಡನೆಯ ಅಕ್ಷರ. ಯಜಮಾನರು ಕಿಟಕಿಯ ಪಕ್ಕದ ಆ ಮೇಜನ್ನು ನಿನಗೇ ಕೊಟ್ಟರು.

ನಿನ್ನದೆಲ್ಲವೂ ನನ್ನ ಕಣ್ಣು ಕುಕ್ಕುತ್ತಿತ್ತು. ನಿನ್ನ ಡಬ್ಬಿಯ ಅಕ್ಕಿರೊಟ್ಟಿ ಕೂಡ. ಅದನ್ನು ನೀನು ದಿನಾ ನನಗೆ ಅರ್ಧ ಕೊಡುತ್ತಿದ್ದೆ. ನಾನು ತಿನ್ನುತ್ತಲೂ ಇದ್ದೆ, ಉರಿಯುತ್ತಲೂ ಇದ್ದೆ.

ಇಟ್ಟಮಡುವಿನ ರೈತ ಮುನಿವೆಂಕಟಪ್ಪ ಮಣ್ಣು ಅಗೆಯುವುದಕ್ಕೆ ತನ್ನ ಹೊಲ ಕೊಡಲು ಒಪ್ಪಿರಲಿಲ್ಲ. ಯಜಮಾನರು ಹೋಗಿ ಬಂದರು, ನಾನೂ ಹೋಗಿ ಬಂದೆ, ಆಸಾಮಿ ಜಗಲಿಯಿಂದ ಏಳಲಿಲ್ಲ. ನೀನು ಒಂದು ಸಲ ಹೋದೆ. ಅವನ ಜೊತೆ ಹೊಲದಲ್ಲಿ ಕೂತು, ಕಡ್ಡಿಯಿಂದ ನೆಲದ ಮೇಲೆ ಗೀಚಿ ತೋರಿಸಿದೆಯಂತೆ: ಹೊಲವನ್ನು ನಾಲ್ಕು ಪಟ್ಟಿ ಮಾಡೋಣ, ವರ್ಷಕ್ಕೆ ಒಂದೇ ಪಟ್ಟಿ ಅಗೆಯೋಣ, ಮಿಕ್ಕ ಮೂರರಲ್ಲಿ ರಾಗಿ ಬೆಳೆಯುತ್ತಿರಲಿ. ಮೇಲಿನ ಒಂದೂವರೆ ಅಡಿ ಮೇಲ್ಮಣ್ಣನ್ನು ಬೇರೆಯಾಗಿ ಪೂರ್ವದ ಬದುವಿನ ಮೇಲೆ ಇಡೋಣ. ಅದರ ಕೆಳಗಿನ ಗರಸನ್ನು, ಆ ಸಾರವಿಲ್ಲದ ಕಲ್ಲುಮಣ್ಣನ್ನು, ಇನ್ನೊಂದು ಕಡೆ ಹಾಕಿ, ಇಟ್ಟಿಗೆಗೆ ಬೇಕಾದ ಜೇಡಿಮಣ್ಣನ್ನು ತೆಗೆದ ಮೇಲೆ, ಮೊದಲು ಗರಸು ತುಂಬಿ, ಕೊನೆಗೆ ಮೇಲ್ಮಣ್ಣನ್ನು ಹರಡಿ, ಹೊಲವನ್ನು ಹೊಲವಾಗಿಯೇ ವಾಪಸು ಕೊಡೋಣ. ಮುನಿವೆಂಕಟಪ್ಪ ಹೆಬ್ಬೆಟ್ಟು ಒತ್ತಿದ. ಮೇಲೆ ಒಂದು ಬುಟ್ಟಿ ಅವರೆಕಾಯಿ ಬೇರೆ ಕಳಿಸಿದ — ನಿನಗೆ. ನನಗೆ ಆ ಮನೆಯಲ್ಲಿ ಒಂದು ಲೋಟ ನೀರೂ ಸಿಕ್ಕಿರಲಿಲ್ಲ.

ನೀನು ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟ ಹಾಳೆ ನನ್ನ ಮೇಜಿಗೆ ಬಂತು. ಮಸಿಯಲ್ಲಿ ಅದನ್ನು ನಕ್ಷೆಬಟ್ಟೆಯ ಮೇಲೆ ಇಳಿಸುವುದು ನನ್ನ ಕೆಲಸ. ಇಳಿಸಿದ ಮೇಲೆ ಪೆನ್ಸಿಲ್ ಹಾಳೆಯನ್ನು ಪೂರ್ತಿ ಅಳಿಸಿ ಮತ್ತೆ ಬಳಸುವುದು ನಮ್ಮ ಆಫೀಸಿನ ಪದ್ಧತಿ. ಒಳ್ಳೆಯ ಕಾಗದ ಸಿಗುವುದು ಕಷ್ಟವಿತ್ತು. ಪೂರ್ವದ ಬದುವಿನ ಮೇಲೆ ನೀನು ಓರೆಗೆರೆ ಎಳೆದು, ಅಗೆಯುವ ಮೇಸ್ತ್ರಿಗೆ ತಿಳಿಯಲೆಂದು ಕನ್ನಡದಲ್ಲೇ ಬರೆದಿದ್ದೆ: ‘ಮೇಲ್ಮಣ್ಣು ಇಲ್ಲಿ. ಗರಸಿನ ಜೊತೆ ಬೆರೆಸಬಾರದು.’

ಆ ಜಾಗವನ್ನು ನಾನು ಖಾಲಿ ಬಿಟ್ಟೆ.

ಯಜಮಾನರ ಕಣ್ಣಿಗೆ ಬೀಳುತ್ತದೆ, ನಿನಗೆ ನಾಲ್ಕು ಮಾತು ಬೀಳುತ್ತದೆ, ಅಷ್ಟೇ — ಎಂದುಕೊಂಡಿದ್ದೆ. ಅಷ್ಟೇ ಎಂದುಕೊಂಡಿದ್ದೆನೇ? ಈಗ ಖಚಿತವಾಗಿ ಹೇಳಲಾರೆ. ನಕ್ಷೆಯನ್ನು ನಿನ್ನ ಮುಂದೆ ಹರಡಿ, ಒಂದು ಸಲ ನೋಡಿಬಿಡು ಎಂದೆ. ನೀನು ನಕ್ಕೆ.

“ನೀನು ಇಳಿಸಿದ್ಮೇಲೆ ನಾನೇನು ನೋಡೋದು, ಸುಬ್ಬಣ್ಣ,” ಅಂದು ರುಜು ಹಾಕಿದೆ.

ಆಗಲಾದರೂ ಬಾಯಿ ಬಿಡಬಹುದಿತ್ತು. ಬದಲು ರಬ್ಬರು ತೆಗೆದುಕೊಂಡು ನಿನ್ನ ಹಾಳೆಯನ್ನು ಅಳಿಸಿದೆ, ಮೂಲೆಯಿಂದ ಮೂಲೆಗೆ, ಬಹಳ ನೀಟಾಗಿ.

ಯಜಮಾನರು ನೋಡಲಿಲ್ಲ. ಮೇಸ್ತ್ರಿ ಮೊದಲ ಪಟ್ಟಿಯನ್ನು ನಕ್ಷೆಯಲ್ಲಿ ಕಂಡಂತೆ ಅಗೆಸಿದ. ಮೇಲ್ಮಣ್ಣು, ಗರಸು ಎಲ್ಲ ಒಂದೇ ಗುಡ್ಡೆಯಾಯಿತು. ಜೇಡಿಮಣ್ಣು ಮುಗಿದ ಮೇಲೆ ಗುಡ್ಡೆಯನ್ನು ಹಾಗೆಯೇ ಹಳ್ಳಕ್ಕೆ ತಳ್ಳಿದರು. ನೀನು ಆ ತಿಂಗಳುಗಳಲ್ಲಿ ಬೇರೆ ಜಮೀನುಗಳ ಅಳತೆಗೆ ಅಲೆಯುತ್ತಿದ್ದೆ. ಮುಂದಿನ ಮಳೆಗೆ ಮುನಿವೆಂಕಟಪ್ಪ ಆ ಪಟ್ಟಿಯಲ್ಲಿ ರಾಗಿ ಬಿತ್ತಿದ. ಪೈರು ಗೇಣುದ್ದ ಬಂದು ಹಳದಿಯಾಗಿ ನಿಂತುಬಿಟ್ಟಿತು.

ಅವನು ಆಫೀಸಿಗೆ ಬಂದ ದಿನ ನಿನಗೂ ನೆನಪಿರುತ್ತದೆ. ಟವೆಲಿನ ಗಂಟು ಬಿಚ್ಚಿ ಒಂದು ಹಿಡಿ ಗರಸನ್ನು ನಿನ್ನ ಮೇಜಿನ ಮೇಲೆ ಸುರಿದ. ಕೂಗಾಡಲಿಲ್ಲ.

“ನಿಮ್ ಮಾತ್ ನಂಬಿ ಕೊಟ್ಟೆ ಸಾಮಿ. ಇದ್ರಲ್ಲಿ ರಾಗಿ ಬೆಳೀತದಾ, ನೀವೇ ಯೋಳಿ.”

ನೀನು ನಕ್ಷೆ ತೆಗೆದೆ. ಪೂರ್ವದ ಬದುವಿನ ಮೇಲೆ ಬೆರಳಿಟ್ಟೆ. ಅಲ್ಲಿ ಏನೂ ಇರಲಿಲ್ಲ, ಕೆಳಗೆ ನಿನ್ನ ರುಜು ಮಾತ್ರ ಇತ್ತು. ಯಜಮಾನರು ನಿನ್ನ ಹಿಂದೆ ನಿಂತಿದ್ದರು. ನೀನು ತಲೆಯೆತ್ತಿ ನನ್ನನ್ನು ಕೇಳಿದೆ: “ಸುಬ್ಬಣ್ಣ, ನಾನು ಬರ್ದಿದ್ದೆ ಅಲ್ವಾ?”

“ಇದ್ದಿದ್ದನ್ನೆಲ್ಲ ಇಳಿಸಿದೀನಪ್ಪ,” ಅಂದೆ.

ನೀನು ಜಗಳವಾಡುತ್ತೀಯೆಂದು ಕಾದಿದ್ದೆ. ಸುಳ್ಳ ಅನ್ನುತ್ತೀಯೆಂದು — ಅಂದಿದ್ದರೆ ಚೆನ್ನಾಗಿತ್ತು. ನೀನು ಬಹಳ ಹೊತ್ತು ಆ ಖಾಲಿ ಜಾಗವನ್ನೇ ನೋಡಿ, “ಹಾಗಾದ್ರೆ ನಾನೇ ಮರೆತೆ ಅನ್ಸುತ್ತೆ” ಅಂದೆ. ಮುನಿವೆಂಕಟಪ್ಪನ ಮುಂದೆ ಕೈಮುಗಿದೆ. ಆ ತಿಂಗಳೇ ಕೆಲಸ ಬಿಟ್ಟೆ.

ಕಿಟಕಿಯ ಪಕ್ಕದ ಮೇಜು ನನಗೆ ಸಿಕ್ಕಿತು. ಉಳಿದ ಮೂರು ಪಟ್ಟಿಗಳಿಗೆ ನಾನು ಹೊಸ ನಕ್ಷೆ ಬರೆದೆ: ಪೂರ್ವದ ಬದು, ಓರೆಗೆರೆ, ಕನ್ನಡದಲ್ಲಿ ಅದೇ ಎರಡು ಸಾಲು. ಒಂದಕ್ಷರ ಬದಲಿಸಲಿಲ್ಲ. ವರ್ಷಕ್ಕೊಂದರಂತೆ ಮೂರರಲ್ಲೂ ರಾಗಿ ಸೊಂಟದೆತ್ತರ ಬಂತು. ಯಜಮಾನರು ಹೊರಗಿನವರನ್ನು ಕರೆದುಕೊಂಡು ಬಂದು ತೋರಿಸಿ, ನಮ್ಮ ಸುಬ್ಬಣ್ಣನ ತಲೆ ಎಂದರು. ನಾನು ವಿನಯದಿಂದ ನಕ್ಕೆ. ಹೊಲದ ಅಂಚಿನಲ್ಲಿದ್ದ ಮುನಿವೆಂಕಟಪ್ಪ ಮಾತ್ರ ಬಂದು, “ಆ ಸಾಮಿ ಎಲ್ಲವ್ರೆ? ಮರ್ತ್ರೂ ಒಳ್ಳೇರು” ಅಂದ. ಅವನ ಒಂದು ಪಟ್ಟಿ ಹೊಲ ಹಾಳಾಗಿತ್ತು, ಆದರೂ ವಿಚಾರಿಸಿದ್ದು ನಿನ್ನನ್ನು. ಆ ಹೊತ್ತಿಗೂ ನನಗೆ ಬಂದದ್ದು ನಾಚಿಕೆಯಲ್ಲ, ಶಿವನಂಜಪ್ಪ, ಹೊಟ್ಟೆಯುರಿಯೇ.

ಕಳೆದ ತಿಂಗಳು ಯಾವುದೋ ಕೆಲಸಕ್ಕೆ ಅರೆಕೆರೆಗೆ ಬಂದವನು, ಕೆಲಸ ಬಿಟ್ಟ ಮೇಲೆ ನೀನು ಇಟ್ಟ ಬೆಲ್ಲದ ಅಂಗಡಿಯನ್ನು ರಸ್ತೆಯಾಚೆಯಿಂದ ನೋಡಿದೆ. ಮಧ್ಯಾಹ್ನ ನೀನು ಬಾಗಿಲು ಹಾಕುತ್ತಿದ್ದೆ. ಬೀಗ ಎಳೆದು ನೋಡಿದೆ. ನಾಲ್ಕು ಹೆಜ್ಜೆ ಹೋಗಿ ವಾಪಸು ಬಂದು ಮತ್ತೆ ಎಳೆದೆ. ಬೀದಿಯ ಕೊನೆಗೆ ಹೋದವನು ಮೂರನೆಯ ಸಲ ಬಂದೆ. ಪಕ್ಕದ ಅಂಗಡಿಯವನು ನಗುತ್ತಾ ನನಗೆ ಹೇಳಿದ: “ಅಯ್ನೋರು ದಿನಾ ಇಂಗೇ ಸಾರ್. ಏನೋ ಮರೆವಂತೆ, ಅವರೇ ಯೋಳ್ತಾರೆ.”

ನಿನ್ನ ಅಕ್ಷರದಷ್ಟೇ ನೀಟಾದ ನೆನಪು ನಿನ್ನದು. ಅದರ ಮೇಲಿನ ನಂಬಿಕೆಯನ್ನೇ ನಾನು ಕಿತ್ತುಕೊಂಡಿದ್ದೇನೆ. ಆ ಮೇಜಿನ ಮೇಲೆ ನನಗೆ ಆಸೆಯಿತ್ತು — ಇದು ನನಗೆ ಬೇಕಿರಲಿಲ್ಲ. ಬೇಕಿರಲಿಲ್ಲ ಎಂದ ಮಾತ್ರಕ್ಕೆ ಏನೂ ಕಡಿಮೆಯಾಗುವುದಿಲ್ಲ, ಗೊತ್ತು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಇಟ್ಟಮಡುವಿಗೆ ಹೋಗಿ ಮುನಿವೆಂಕಟಪ್ಪನಿಗೆ ಓದಿ ಹೇಳಿ, ಅವನು ಬಂದರೆ ಅವನನ್ನೂ ಕರೆದುಕೊಂಡು ನಿನ್ನ ಅಂಗಡಿಗೆ ಬರುತ್ತೇನೆ. ನೀನು ಬೈದರೆ ಬೈಸಿಕೊಳ್ಳುತ್ತೇನೆ, ಬಾಗಿಲು ಹಾಕಿದರೆ ಹೊರಗೇ ನಿಂತು ಹೇಳುತ್ತೇನೆ. ಅವತ್ತು ಎಲ್ಲರ ಮುಂದೆ ನೀನು ಒಂದು ಪ್ರಶ್ನೆ ಕೇಳಿದ್ದೆಯಲ್ಲ, ಅದರ ಉತ್ತರ ಇದು: ಹೌದು, ನೀನು ಬರೆದಿದ್ದೆ.