ಅಜ್ಜ ಹೇಳಿದ ಜಪಾನಿ ಪಿಚ್ಚರ್

ಸಿಡಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಹಾರಿಹೋಗಿತ್ತು. ಅಜ್ಜ ಅದನ್ನು ಪಂಚೆಯ ಚುಂಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಪ್ಲೇಯರಿನ ತಟ್ಟೆಯ ಮೇಲಿಡುತ್ತಿದ್ದ. ಒಳಗೆ ಹೋಗುವಾಗ ಅದು ಕಿರ್ ಎನ್ನುತ್ತಿತ್ತು. ನಿಮ್ಮ ಮನೆಯಲ್ಲೂ ಇಂಥದೊಂದು ಶಬ್ದ ಇದ್ದೀತು. ಈಗಲೂ ಎಲ್ಲಾದರೂ ಯಂತ್ರವೊಂದು ಹಾಗೆ ಕಿರ್ ಎಂದರೆ ನನಗೆ ಕುರಿ ಉಣ್ಣೆಯ ಕಂಬಳಿಯ ವಾಸನೆ ಬರುತ್ತದೆ, ರಾಮಗಿರಿ ಪಕ್ಕದ ಆ ಮಾಳಿಗೆ ಮನೆ ನೆನಪಾಗುತ್ತದೆ. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಸೋದರಮಾವನ ತಾರಸಿ ಮನೆ ಎದ್ದಿದೆ.

ಕುರಿ ಮಾರಲು ಹೊಳಲ್ಕೆರೆ ಸಂತೆಗೆ ಹೋಗಿದ್ದ ಅಜ್ಜ ಇಂಗ್ಲಿಷ್ ಪಿಚ್ಚರ್ ಎಂದು ತಂದ ಸಿಡಿ ಅದು. ಹಾಕಿ ನೋಡಿದರೆ ಮಾತೆಲ್ಲ ಜಪಾನಿ. ಮಿಕ್ಕಿದ್ದೆಲ್ಲ ಹಾಲಿವುಡ್ಡಿನದೇ: ಕರಿ ಕನ್ನಡಕ, ಮಳೆಯಲ್ಲೂ ಬಿಚ್ಚದ ಉದ್ದ ಕೋಟು, ಕುಸಿಯುವ ಸೇತುವೆ, ಹಿಂದೆ ಬೆಂಕಿ ಎದ್ದರೂ ತಿರುಗಿ ನೋಡದೆ ನಡೆಯುವ ಜನ. ಸಮುದ್ರದಿಂದ ಎದ್ದುಬಂದ ಕಬ್ಬಿಣದ ದೈತ್ಯನೊಂದಿಗೆ ಕಾದಾಡಲು ಸಿಪಾಯಿ ಹೆಂಗಸೊಬ್ಬಳು ತನ್ನ ಪುಟ್ಟ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೊರಡುತ್ತಾಳೆ. ಅಜ್ಜಿಯ ಎರಡೂ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಆಪರೇಷನ್ ಎಂದರೆ ಹೆದರಿಕೆ. ಹಾಗಾಗಿ ಅಜ್ಜ ಪಕ್ಕದಲ್ಲಿ ಕೂತು ಕಥೆ ಹೇಳುತ್ತಿದ್ದ. ದೈತ್ಯನೆದುರು ಯಾರಾದರೂ "ನಾನಿ!" ಎಂದು ಕಿರುಚಿದಾಗಲೆಲ್ಲ ಅವನಿಗೆ ಹುರುಪು. "ಲೇ, ಕೇಳಿದ್ಯಾ? ನಾನಾ ನೀನಾ ಅಂತ ಪಂಥ ಕಟ್ತಾನೆ. ಇವ್ರೂ ನಮ್ಮ ಕಡೇರೇ." ನಾಲ್ಕನೇ ಕ್ಲಾಸಿನಲ್ಲಿದ್ದ ನಾನೂ ನಂಬಿದ್ದೆ. ಆ ಮಾತಿಗೆ ‘ಏನು?’ ಎಂದಷ್ಟೇ ಅರ್ಥವೆಂದು ತಿಳಿದದ್ದು ಯೂನಿವರ್ಸಿಟಿ ಹಾಸ್ಟೆಲಿನಲ್ಲಿ.

ಕೊನೆಯ ಹತ್ತು ನಿಮಿಷ ಇರುವಾಗ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. ಅಜ್ಜಿ ಕೇಳುವುದು ಒಂದೇ: "ಮಗೀನ ಹತ್ರ ಹೋದ್ಲೇನ್ರಿ?" ಅಜ್ಜ ನಿಂತ ಚಿತ್ರವನ್ನು ನೋಡುತ್ತಲೇ "ಹೋದ್ಲು" ಎನ್ನುತ್ತಿದ್ದ. ಅವನ ಕಥೆಯಲ್ಲಿ ಒಂದು ಸಲ ಆಕೆ ಪ್ಯಾಸೆಂಜರ್ ರೈಲಿನಲ್ಲಿ ಬಂದಳು. ಇನ್ನೊಂದು ಸಲ ಸಿರಿಗೆರೆ ಬಸ್ಸಿನಲ್ಲಿ, ನಿಂತುಕೊಂಡೇ. "ಸೀಟು ಬಿಡ್ಲಿಲ್ವೇ ಯಾರೂ? ದೈತ್ಯನ್ನ ಕೊಂದು ಬಂದೋಳಿಗೆ?" ಎಂದು ಅಜ್ಜಿ ರೇಗುತ್ತಿದ್ದಳು. "ಕಾಲೇಜ್ ಹುಡುಗ್ರು ಕಣೇ, ಬಿಡ್ತಾರಾ?"

ಅಜ್ಜ ಹೋಗಿ ಎರಡು ವರ್ಷವಾಯಿತು. ಹೋದ ತಿಂಗಳು ಅಜ್ಜಿ ಧೈರ್ಯ ಮಾಡಿ ಚಿತ್ರದುರ್ಗದಲ್ಲಿ ಒಂದು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ನನ್ನ ಬಾಡಿಗೆ ಮನೆಯಲ್ಲೇ ಉಳಿದಳು. ಒಂದು ಮಧ್ಯಾಹ್ನ, "ಆ ಜಪಾನಿ ಪಿಚ್ಚರ್ ಎಲ್ಲಾದ್ರೂ ಐತೇನೇ? ಕೊನೆ ನಾನೇ ನೋಡ್ಬೇಕು" ಎಂದಳು. ಇಂಟರ್ನೆಟ್ಟಿನಲ್ಲಿ ಹುಡುಕಿದೆ, ಇಡೀ ಪಿಚ್ಚರ್ ಸಿಕ್ಕಿತು. ಸಂಜೆ ಅವಳು ಪಕ್ಕದ ಮನೆಗೆ ಮಾತಿಗೆ ಹೋಗಿದ್ದಾಗ ಕೊನೆಯ ಹತ್ತು ನಿಮಿಷ ಒಬ್ಬಳೇ ನೋಡಿದೆ. ಆ ಸಿಪಾಯಿ ಹೆಂಗಸು ಮಗುವಿನ ಹತ್ತಿರ ಹೋಗುವುದಿಲ್ಲ. ದೈತ್ಯನೊಂದಿಗೇ ಸಮುದ್ರ ಸೇರುತ್ತಾಳೆ. ಮಗು ಬಾಗಿಲಲ್ಲಿ ನಿಂತಿರುತ್ತದೆ. ಪಿಚ್ಚರ್ ಸಿಗಲಿಲ್ಲ ಎಂದು ಹೇಳಿಬಿಡಬಹುದಿತ್ತು. ಅಜ್ಜ ಕಟ್ಟಿದ್ದನ್ನು ಕೆಡವಲು ನಾನ್ಯಾರು ಅನ್ನಿಸಿತು. ಈಗ ಕಣ್ಣು ಕಾಣುವವಳಿಂದ ಮುಚ್ಚಿಡಲು ನಾನ್ಯಾರು ಎಂದೂ ಅನ್ನಿಸಿತು.

ಮರುದಿನ ಬೆಳಿಗ್ಗೆ ತಿಂಡಿಯಾದ ಮೇಲೆ ಲ್ಯಾಪ್‌ಟಾಪ್ ಅವಳ ಮುಂದಿಟ್ಟು, ಕೊನೆಯವರೆಗೂ ಓಡಲು ಬಿಟ್ಟೆ. ಅಜ್ಜಿ ಅಲುಗಾಡದೆ ನೋಡಿದಳು. "ಗೊತ್ತಿತ್ತು ಬಿಡೇ," ಎಂದಳು. "ನಿಜವಾಗ್ಲೂ ಬಂದಿದ್ರೆ ಒಂದೇ ದಾರೀಲಿ ಬರ್ತಿದ್ಲು. ನಿಮ್ಮಜ್ಜ ಯಾವ್ಯಾವ ದಾರೀಲಿ ಕರ್ಕಂಡು ಬಂದ್ರು ನೋಡು." ನಗುತ್ತಿದ್ದಳು. ಔಷಧಿಯ ಹೊತ್ತಾಗಿತ್ತು. ಅವಳ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಆಪರೇಷನ್ ಆದ ಕಣ್ಣಿಗೆ ಒಂದು ಹನಿ ಹಾಕಿ, ರೆಪ್ಪೆ ಮುಚ್ಚಿಕೊ ಎಂದೆ.