ಪೊರಿರುವಾದಲ್ಲಿದ್ದ ಹದ್ದಿನ ನಾಣ್ಯ

ಶನಿವಾರ ಬೆಳಿಗ್ಗೆ ಸ್ಯಾಂಡ್ರಿಂಗಮ್ ರಸ್ತೆಯಲ್ಲಿ ರೈಲು ನಿಲ್ದಾಣಕ್ಕೆ ಮೊದಲ ಬಸ್ಸು ಹಿಡಿದೆ. ಆಕ್ಲೆಂಡಿನಿಂದ ವೆಲಿಂಗ್ಟನ್‌ಗೆ ರೈಲು ವಾರಕ್ಕೆ ಮೂರೇ ದಿನ, ಹತ್ತು ಗಂಟೆಗೂ ಮೀರಿದ ದಾರಿ. ವಿಮಾನದಲ್ಲಾದರೆ ಒಂದು ಗಂಟೆ. ಆದರೆ ಮರಳುವಾಗ ಬ್ಯಾಗಿನಲ್ಲಿ ಚಿನ್ನವಿದ್ದರೆ ಅದನ್ನು ತೆರೆದು ಅಪರಿಚಿತರಿಗೆ ವಿವರಿಸುವುದು ನನ್ನಿಂದಾಗದ ಕೆಲಸ.

ನಾನು ಅಮೆರಿಕದ ಮೊದಮೊದಲ ಚಿನ್ನದ ನಾಣ್ಯಗಳನ್ನು ಹುಡುಕುತ್ತೇನೆ. ಅವುಗಳಲ್ಲಿ ಬಹುಪಾಲನ್ನು ಚಿನ್ನದ ಬೆಲೆಗಾಗಿ ಆ ಕಾಲದಲ್ಲೇ ಕರಗಿಸಿಬಿಟ್ಟಿದ್ದರು. ನನ್ನ ಬಳಿ ಇದ್ದುದು ಒಂದೇ, ಅದಕ್ಕೂ ಯಾರೋ ತೂತು ಕೊರೆದಿದ್ದರು. ವೆಲಿಂಗ್ಟನ್ ಪಕ್ಕದ ಪೊರಿರುವಾದಲ್ಲಿರುವ ಧಾರವಾಡದ ಅಂಕಲ್ ಒಬ್ಬರು 1810ರ ಐದು ಡಾಲರ್ ನಾಣ್ಯದ ಚಿತ್ರ ಕಳಿಸಿದ್ದರು. ಒಂದು ಕಡೆ ಟೋಪಿ ತೊಟ್ಟ ಹೆಣ್ಣಿನ ಮುಖ, ಇನ್ನೊಂದು ಕಡೆ ಹದ್ದು. ಪಕ್ಕದ ಮನೆಯ ನ್ಯೂಜಿಲೆಂಡ್ ಮುದುಕರೊಬ್ಬರಿಂದ ಕೊಂಡದ್ದಂತೆ. ಆ ಮುದುಕರ ಪೂರ್ವಜರು ಅಮೆರಿಕದ ತಿಮಿಂಗಿಲ ಬೇಟೆಯ ಹಡಗಿನಲ್ಲಿದ್ದವರು. ಮುಖದ ಕೆನ್ನೆಯ ಮೇಲೆ ಕೆಂಗಂದು ಛಾಯೆಯಿತ್ತು. ಇನ್ನೂರು ವರ್ಷಗಳಲ್ಲಿ ತಾನಾಗಿ ಕೂತ ಬಣ್ಣವಾದರೆ ಸಂಗ್ರಹಿಸುವವರಿಗೆ ಅದೇ ಜೀವ. ಬುಧವಾರ ಮೂರು ಸಾಲು ಬರೆದು ಕೇಳಿದ್ದೆ: ತೂಕವೆಷ್ಟು, ಅಗಲವೆಷ್ಟು, ಕೆನ್ನೆಯ ಮೇಲಿನದು ಕೊಳೆಯೋ ಬಣ್ಣವೋ. ಮೊದಲೆರಡಕ್ಕೆ ಮಾತ್ರ ಉತ್ತರ ಬಂದಿತ್ತು.

ಹ್ಯಾಮಿಲ್ಟನ್ ದಾಟುವ ಮೊದಲೇ ಅವಲಕ್ಕಿ ಡಬ್ಬಿ ಖಾಲಿಯಾಯಿತು. ಕೂರಲಾಗದೆ ಕಿಟಕಿಗಳಿಲ್ಲದ ತೆರೆದ ಬೋಗಿಗೆ ಹೋಗಿ ನಿಂತೆ. ರುಆಪೆಹು ಬೆಟ್ಟದ ಹಿಮ ಕಂಡಾಗ ಎಲ್ಲರೂ ಚಿತ್ರ ತೆಗೆದರು; ನಾನು ಫೋನಿನಲ್ಲಿ ಆ ಕೆನ್ನೆಯನ್ನೇ ದೊಡ್ಡದು ಮಾಡಿ ನೋಡುತ್ತಿದ್ದೆ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು, ಯಾರನ್ನಾದರೂ ನೋಡಲು ಹೊರಟಿದ್ದೀಯಾ ಎಂದು ಕೇಳಿದರು. ಹೌದೆಂದೆ. ವಯಸ್ಸೆಷ್ಟು ಎಂದರು. ಇನ್ನೂರು ದಾಟಿದೆ ಎಂದೆ. ಆಮೇಲೆ ಅವರು ಮಾತಾಡಿಸಲಿಲ್ಲ.

ವೆಲಿಂಗ್ಟನ್‌ನಲ್ಲಿ ಇಳಿದು ಲೋಕಲ್ ರೈಲಿನಲ್ಲಿ ಪೊರಿರುವಾ ತಲುಪುವಾಗ ಏಳು ದಾಟಿತ್ತು. ಅಂಕಲ್ ಸ್ಟೇಷನ್ನಿಗೆ ಬಂದಿದ್ದರು. ಮನೆಯಲ್ಲಿ ಆಂಟಿ ಚಹಾಕ್ಕೂ ಮೊದಲು ಒಂದು ಬೆಳ್ಳಿ ಬಟ್ಟಲು ತಂದಿಟ್ಟರು.

ನಾಣ್ಯ ಹೊಳೆಯುತ್ತಿತ್ತು. ಕೆನ್ನೆಯ ಮೇಲೆ ಏನೂ ಇರಲಿಲ್ಲ.

"ಹೊಲಸೋ ಬಣ್ಣೋ ಅಂತ ನೀನ ಕೇಳಿದ್ದೆಲ್ಲವಾ," ಎಂದರು ಆಂಟಿ. "ನಿನ್ನೆ ಶ್ರಾವಣ ಶುಕ್ರವಾರ. ಹೊಲಸ ಬಂಗಾರ ಲಕ್ಷ್ಮಿ ಮುಂದ ಹ್ಯಾಂಗ ಇಡೂದು? ಪೇಸ್ಟ್ ಹಚ್ಚಿ ಛಲೋ ತಿಕ್ಕಿದೆ."

"ಮೂವತ್ತು ವರ್ಷ ನನ್ನ ತಲೀನೂ ಹಂಗ ತಿಕ್ಕ್ಯಾಳ," ಎಂದು ಅಂಕಲ್ ತಮ್ಮ ಬೋಳುತಲೆ ಸವರಿಕೊಂಡರು.

ನಾನು ನಗಲಿಲ್ಲ. ಭೂತಗನ್ನಡಿಯಲ್ಲಿ ಕೆನ್ನೆ, ಟೋಪಿ, ಕೂದಲು ಎಲ್ಲದರ ಮೇಲೂ ಸುತ್ತುಸುತ್ತಾದ ನವಿರು ಗೀರುಗಳಿದ್ದವು.

ಅಂಕಲ್ ದನಿ ತಗ್ಗಿಸಿದರು. "ಖರೇ ಹೇಳು. ಕೆಟ್ಟೈತೇನು?"

"ಹೌದು ಅಂಕಲ್. ಇದನ್ನ ತೊಳೀಬಾರದು. ಆ ಬಣ್ಣ ಮತ್ತೆ ಬರೋದಿಲ್ಲ."

ಆಂಟಿ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು. "ತೊಳೀಬ್ಯಾಡ್ರಿ ಅಂತ ಒಂದ ಮಾತು ಬರೀಬಾರದಿತ್ತೇನ?"

ಬರೆಯಬಹುದಿತ್ತು. ಸಂಗ್ರಹಿಸುವವರಿಗೆಲ್ಲ ಗೊತ್ತಿರುವ ಮಾತೆಂದು ಬಿಟ್ಟಿದ್ದೆ. ಅವರು ಸಂಗ್ರಹಿಸುವವರಲ್ಲ, ಮನೆಯಲ್ಲಿ ಬಂಗಾರ ಇಟ್ಟುಕೊಂಡವರು. ನಮ್ಮಮ್ಮನೂ ಹಬ್ಬಕ್ಕೆ ಬಳೆಗಳನ್ನು ಹೀಗೆಯೇ ಉಜ್ಜುವುದು ನನಗೆ ಗೊತ್ತಿತ್ತು.

ಊಟವಾಯಿತು. ನಾಣ್ಯ ಬೇಡವೆಂದು ಹೇಳುವ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಮಲಗಿದೆ. ಭಾನುವಾರ ಬೆಳಿಗ್ಗೆ ಆಂಟಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಬೂಟು ಹಾಕಿಕೊಳ್ಳುವಾಗ ಬಟ್ಟಲನ್ನು ಮತ್ತೆ ತಂದರು.

"ಹಿಂದಿನ ಮಗ್ಗಲಾ ನಾ ಮುಟ್ಟಿಲ್ಲವ್ವಾ. ನೀ ಕೇಳಿದ್ದು ಮುಖದ್ದಷ್ಟ."

ತಿರುಗಿಸಿದೆ. ಹದ್ದು ಹಾಗೆಯೇ ಇತ್ತು. ರೆಕ್ಕೆಯ ಸಂದುಗಳಲ್ಲಿ ಅದೇ ಕೆಂಗಂದು ಬಣ್ಣ. ಬೇಡವೆಂಬ ವಾಕ್ಯ ಬಿಟ್ಟು, ತೆಗೆದುಕೊಳ್ಳುತ್ತೇನೆ ಎಂದೆ. ಅಂಕಲ್ ಮೊದಲು ಹೇಳಿದ್ದ ಬೆಲೆ ತೆಗೆದುಕೊಳ್ಳಲು ಒಪ್ಪಲಿಲ್ಲ, ಅರ್ಧಕ್ಕೆ ಕೊಟ್ಟರು.

ವಾಪಸಿನ ರೈಲಿನಲ್ಲಿ ನಾಣ್ಯವನ್ನು ಎಷ್ಟು ಸಲ ತೆಗೆದು ಒಳಗಿಟ್ಟೆನೋ ಲೆಕ್ಕವಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ನಾಣ್ಯಕ್ಕೂ ಅದರ ಸ್ಥಿತಿ ಬರೆಯುವ ಒಂದು ಸಾಲಿದೆ. ಹಿಮ ಮತ್ತೆ ಕಾಣುವ ಹೊತ್ತಿಗೆ ಬರೆದೆ: ಹದ್ದಿನ ಕಡೆ ಮೂಲ ಬಣ್ಣ. ಮುಖದ ಕಡೆ ಉಜ್ಜಿದ್ದು, ನಾನು ಕೇಳಿದ್ದಕ್ಕೆ.