ಎದುರುಮನೆಯ ಅಮ್ಮ ಮಗಳನ್ನು ಹೊಗಳಿದ ದಿನ

ಮೊನ್ನೆ ಪಕ್ಕದ ಮನೆಯಲ್ಲಿ ಮಗುವಿಗೆ ದೃಷ್ಟಿ ತೆಗೆದರು. ಒಣಮೆಣಸಿನಕಾಯಿ ಸುಟ್ಟ ಘಾಟು ಕಿಟಕಿಯಿಂದ ಬಂತು. ಕೆಮ್ಮುತ್ತಲೇ, ಟಿ. ನರಸೀಪುರದಲ್ಲಿ ನಮ್ಮ ಎದುರುಮನೆಯಲ್ಲಿದ್ದ ಅಮ್ಮ ನೆನಪಾದರು...

ಅವರ ಮಗಳು ಡಾಕ್ಟರು. ಹಾವು ಕಚ್ಚಿದವರಲ್ಲಿ ಯಾರ ಕಿಡ್ನಿ ಕೆಡಲಿದೆಯೆಂದು ಮೊದಲೇ ತಿಳಿಸುವ ಪರೀಕ್ಷೆಯೊಂದನ್ನು ಕಂಡುಹಿಡಿದಿದ್ದಳು. ಅಮ್ಮ ಮಾತ್ರ ಅವಳ ಮೆಡಲುಗಳನ್ನು ರಾಗಿಹಿಟ್ಟಿನ ಡಬ್ಬದ ಹಿಂದೆ ಇಡುತ್ತಿದ್ದರು. ಯಾರಾದರೂ ಮೆಚ್ಚಿದರೆ, “ಅನ್ನಕ್ಕೆ ನೀರಿಡಕ್ಕೂ ಬರಲ್ಲ ಅವ್ಳಿಗೆ” ಎಂದು ಮಾತು ಮುಗಿಸುವರು. ಹೊಗಳಿದರೆ ದೃಷ್ಟಿಯಾದೀತೆಂಬ ಭಯ. ನಂಜನಗೂಡಿನ ವರದಿಗಾರರೊಬ್ಬರು ಅವಳ ಬಗ್ಗೆ ಬರೆಯಲು ಬಂದಾಗಲೂ ಕಾಫಿ ಕೊಟ್ಟು ಗೇಟಿನಿಂದಲೇ ಕಳಿಸಿದ್ದರು.

ಎರಡು ಸಾವಿರದ ಇಸವಿಯಾದ ಮೇಲೆ, ಅಮೆರಿಕದ ಪ್ರಯೋಗಾಲಯವೊಂದು ಅವಳನ್ನು ಕರೆಯಿತು. ಅಸಾಧಾರಣ ಸಾಮರ್ಥ್ಯದವರಿಗೆಂದೇ ಇರುವ ಕೆಲಸದ ವೀಸಾ ಬೇಕಿತ್ತು. ಅವಳ ಲೇಖನಗಳಿದ್ದವು, ದೊಡ್ಡ ಡಾಕ್ಟರುಗಳ ಪತ್ರಗಳೂ ಇದ್ದವು. ಅವಳ ಬಗ್ಗೆ ಪತ್ರಿಕೆಯಲ್ಲಿ ಬಂದದ್ದು ಎಲ್ಲಿ ಎಂದು ಅಲ್ಲಿನ ವಕೀಲರು ಕೇಳಿದರು. ಅದಿಲ್ಲದೆ ಅರ್ಜಿ ಪಾಸಾಗುವುದು ಕಷ್ಟವಂತೆ. ಒಂದು ಸಾಲೂ ಇರಲಿಲ್ಲ. “ಹೋಗ್ಲಿ ಬಿಡಮ್ಮ” ಎಂದಳು ಮಗಳು. ಆ ರಾತ್ರಿ ಅವಳು ಊಟ ಮಾಡಲಿಲ್ಲವೆಂದು ಅಮ್ಮ ನನಗೆ ಹೇಳಿದರು.

ಮಾರನೆಯ ದಿನ ನನ್ನನ್ನೂ ಕರೆದುಕೊಂಡು ನಂಜನಗೂಡಿನ ಬಸ್ಸು ಹತ್ತಿದರು. ಸುತ್ತೂರು ದಾಟುವವರೆಗೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು...

ವರದಿಗಾರರು ನಮ್ಮನ್ನು ನೋಡಿ ನಕ್ಕರು. “ಅವತ್ತು ಗೇಟಿಂದಾನೇ ಕಳ್ಸಿದ್ರಲ್ಲಮ್ಮಾ. ಈಗ ನಾನೂ ಕಾಫಿ ಕೊಟ್ಟು ಕಳಿಸ್ಬಿಡ್ಲಾ?”

“ಕೊಡಪ್ಪಾ, ಕುಡ್ಕಂಡೇ ಅವ್ಳ ಇಚಾರ ಏಳ್ತೀನಿ” ಎಂದರು ಅಮ್ಮ.

ಲೋಟ ಕೆಳಗಿಟ್ಟು ಶುರುಮಾಡಿದರು. “ಆವು ಕಚ್ಚಿದೋರ ಮೂತ್ರ ಸೀಸೇಲಿ ಇಡ್ಕಂಡು ಬಸ್ಸಲ್ಲಿ ಮೈಸೂರ್ಗೆ ಓಗೋಳು. ಪಕ್ಕದಲ್ಲಿ ಯಾರೂ ಕೂರ್ತಿರ್ಲಿಲ್ಲ. ಇವ್ಳಿಗೆ ಅದು ಗೊತ್ತೇ ಆಯ್ತಿರ್ಲಿಲ್ಲ, ಆರಾಮಾಗಿ ಓದ್ಕಂಡ್ ಕೂತಿರೋಳು.” ವರದಿಗಾರರು ನಕ್ಕರು. ಅಮ್ಮ ನಗಲಿಲ್ಲ. “ಅವ್ರಪ್ಪನ್ಗೆ ಗದ್ದೇಲಿ ಕಚ್ತು. ಆಸ್ಪತ್ರೇಲಿ ವಿಷ ಇಳೀತು ಅಂದ್ರು. ವಾರ ಆಗೋಷ್ಟ್ರಲ್ಲಿ ಕಿಡ್ನಿ ಓಯ್ತು, ಆಮೇಲೆ ಅವ್ರೂ ಓಗ್ಬುಟ್ರು. ಇವ್ಳಿನ್ನೂ ಲಂಗ ಆಕ್ಕಳೋಳು. ಅಳ್ಲಿಲ್ಲ. ವಿಷ ಇಳುದ್ಮೇಲೆ ಯಾಕೆ ಸತ್ರು ಅಂತ ಕೇಳುದ್ಲು. ಇವತ್ಗೂ ಅದ್ನೇ ಕೇಳ್ತಾವ್ಳೆ ಕಣಪ್ಪಾ. ಅಂಥೋಳ್ನ ನಾನು ಇನ್ನೆಲ್ಲೂ ಕಂಡಿಲ್ಲ.”

ವರದಿಗಾರರ ಪೆನ್ನು ನಿಂತುಹೋಗಿತ್ತು. ಅಷ್ಟು ವರ್ಷ ಎದುರಿಗೇ ಇದ್ದ ನಾನು ಬೆರಗಾಗಿ ಕೂತಿದ್ದೆ. ಮಗಳೂ ದೊಡ್ಡವಳಾಗಿ ಕಂಡಳು, ಅದನ್ನೆಲ್ಲ ಒಳಗೇ ಇಟ್ಟುಕೊಂಡಿದ್ದ ಈ ತಾಯಿಯೂ.

ಬಸ್ಸಿನಲ್ಲಿ ಬರುವಾಗ, “ಇದ್ನೆಲ್ಲ ಅವ್ಳ ಮುಂದೆ ಆಡ್ಬ್ಯಾಡಿ ಕಣವ್ವಾ” ಎಂದರು.

ಪತ್ರಿಕೆಯಲ್ಲಿ ಪರೀಕ್ಷೆಯ ವಿವರವಷ್ಟೇ ಬಂತು, ಅಮ್ಮನ ಮಾತು ಬರಲಿಲ್ಲ. ವಕೀಲರಿಗೆ ಅದು ಸಾಕಾಯಿತು. ವೀಸಾ ಸಿಕ್ಕಿತು.

ಹೋದ ವರ್ಷ ಅಮ್ಮ ತೀರಿಕೊಂಡರು. ತಿಥಿ ಮುಗಿಸಿ ಮಗಳು ನಮ್ಮ ಅಡುಗೆಮನೆಯಲ್ಲಿ ಬಂದು ಕೂತಳು. ಕೂದಲು ನರೆತಿತ್ತು. “ಅವತ್ತು ಅಮ್ಮ ಪೇಪರಿನವ್ರ ಹತ್ರ ಏನ್ ಹೇಳಿದ್ರು ಆಂಟಿ?” ಎಂದಳು.

ಹೇಳಿದೆ.

“ಇನ್ನೊಂದ್ಸಲ ಹೇಳಿ.”

ಮತ್ತೆ ಹೇಳಿದೆ. ಮಾತುಗಳೆಲ್ಲ ನೆನಪಿದ್ದವು. ಅಮ್ಮನ ದನಿ ಮಾತ್ರ ನನ್ನ ಗಂಟಲಿಗೆ ಬರಲಿಲ್ಲ...